ಕಾವೇರಮ್ಮನವರ ಕೈತುತ್ತು

ಮದುವೆಯಾಗಿ ಬಸವನಗುಡಿಯ ಆ ವಠಾರಕ್ಕೆ ನಾನು ಕಾಲಿಟ್ಟದ್ದು ಎಪ್ಪತ್ತಾರನೇ ಇಸವಿಯ ಚಳಿಗಾಲದಲ್ಲಿ. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಮಂಜು. ಎದುರು ಸಾಲಿನ ಮನೆಗಳು ಕಾಣುತ್ತಲೇ ಇರಲಿಲ್ಲ. ನಲ್ಲಿಯ ನೀರು ಬಿಂದಿಗೆಗೆ ಬೀಳುವ ಸದ್ದು, ಯಾರ ಮನೆಯದೋ ರೇಡಿಯೋ, ಗಾಂಧಿ ಬಜಾರಿನಿಂದ ಯಾರೋ ತಂದ ಹೂವಿನ ವಾಸನೆ, ಇಷ್ಟರಿಂದಲೇ ಅಲ್ಲಿ ಜನ ಓಡಾಡುತ್ತಿದ್ದಾರೆ ಎಂದು ತಿಳಿಯಬೇಕಾಗಿತ್ತು. ಆ ಬಿಳುಪಿನ ಒಳಗಿನಿಂದ ಒಂದು ಹೆಣ್ಣುದನಿ ಕೇಳಿಸಿತು.

"ಏನೂ ತಿನ್ನಲ್ಲ ಕಣ್ರೀ ನಮ್ಮ ಮಗು. ಎರಡು ಅಗುಳು ಬಾಯಿಗಿಟ್ಟು ಎದ್ದುಬಿಡತ್ತೆ. ಏನು ಮಾಡ್ಲಿ ಹೇಳಿ."

ಪಾಪ, ಯಾರ ಮನೆಯ ಒಣಕಲು ಮಗುವೋ ಎಂದು ನನಗೆ ಮರುಕವಾಯಿತು. ಹೊತ್ತೇರಿ ಮಂಜು ಕರಗಿದ ಮೇಲೆ ಕಂಡ ಮಗುವೇ ಬೇರೆ. ಎದುರು ಮನೆಯ ಜಗಲಿಯ ಮೇಲೆ ಅಜ್ಜಿಯ ಮಗ್ಗುಲಿಗೆ ಒರಗಿ ಕೂತಿತ್ತು. ಎರಡು ಕೆನ್ನೆಗಳ ನಡುವೆ ಮೂಗನ್ನು ಹುಡುಕಬೇಕು. ಮುಂಗೈಯಲ್ಲಿ ದಾರ ಕಟ್ಟಿದ ಹಾಗೆ ಮಡಿಕೆ. ಲಂಗದ ಪಟ್ಟಿ ಹೊಟ್ಟೆಯ ಮೇಲೆ ನಿಲ್ಲದೆ ಕೆಳಗೆ ಜಾರಿತ್ತು. ವೈಜಯಂತಿ ಎಂದು ಹೆಸರು, ಎಲ್ಲರ ಬಾಯಲ್ಲೂ ವೈಜು. ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಅಜ್ಜಿಯ ಹೆಸರು ಕಾವೇರಮ್ಮ. ನಾನು ಹೇಳಹೊರಟಿರುವುದು ಈ ಕಾವೇರಮ್ಮನವರ ಕಥೆ.

ಅವರ ಗಂಡ ಚಾಮರಾಜಪೇಟೆಯ ಒಂದು ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಮಗಳು ಶಿವಕುಮಾರಿ ಹೈಸ್ಕೂಲಿನಲ್ಲಿದ್ದಾಗಲೇ ಹೋಗಿಬಿಟ್ಟರು. ಆಮೇಲೆ ಕಾವೇರಮ್ಮ ಸುತ್ತಲಿನ ಮನೆಗಳಿಗೆ ಸಾರಿನ ಪುಡಿ, ಹುಳಿಪುಡಿ ಕುಟ್ಟಿಕೊಟ್ಟು ಮಗಳನ್ನು ಓದಿಸಿದರು. ಅವರು ಅಂಗಳ ದಾಟಿದರೆ ಹುರಿದ ಧನಿಯದ ಘಮ ಹಿಂದೆಯೇ ಬರುತ್ತಿತ್ತು. ತಲೆಗೆ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಶಿವಕುಮಾರಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಅಳಿಯ ಸೋಪಿನ ಕಂಪನಿಯ ಕೆಲಸದ ಮೇಲೆ ಊರೂರು ಸುತ್ತುವವನು, ಮಗಳಿಗೆ ಒಂದು ದಿನ ಬೆಳಗಿನ ಪಾಳಿ, ಇನ್ನೊಂದು ದಿನ ರಾತ್ರಿಯ ಪಾಳಿ. ಹೀಗಾಗಿ ವೈಜುವನ್ನು ಹೆತ್ತದ್ದು ಶಿವಕುಮಾರಿ, ಸಾಕಿದ್ದು ಕಾವೇರಮ್ಮ. ಮಗುವಿಗೆ ವರ್ಷ ತುಂಬಿದಾಗ ಮಹಿಳಾ ಸಮಾಜದವರು ನಡೆಸಿದ ಆರೋಗ್ಯವಂತ ಶಿಶು ಸ್ಪರ್ಧೆಯಲ್ಲಿ ಮೊದಲ ಬಹುಮಾನವೂ ಬಂದಿತ್ತು. ತೊಡೆ ತುಂಬಿಕೊಂಡ ಮಗುವೇ ಆರೋಗ್ಯದ ಮಗು ಎಂದು ತೀರ್ಪು ಕೊಡುವವರೂ ನಂಬಿದ್ದ ಕಾಲ. ಬಹುಮಾನ ಹಿಡಿದ ಫೋಟೋವನ್ನು ಕಾವೇರಮ್ಮ ಯಾರ ಕಣ್ಣಿಗೂ ಬೀಳದಂತೆ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿಟ್ಟಿದ್ದರು.

ಇಂಥ ಮಗು ಏನೂ ತಿನ್ನುವುದಿಲ್ಲವೆಂದರೆ? ನನಗೆ ಮೊದಲಿನಿಂದಲೂ ಸುಳ್ಳು ಕೇಳಿದರೆ ಮೈ ಪರಚಿಕೊಳ್ಳುವಂತಾಗುತ್ತದೆ. ನಮ್ಮ ಅತ್ತೆ ಗಂಗರತ್ನಮ್ಮನವರನ್ನು ಕೇಳಿಯೇಬಿಟ್ಟೆ.

"ಅಯ್ಯೋ ಪೆದ್ದೇ," ಎಂದರು ಅತ್ತೆ. "ಮಗು ಚೆನ್ನಾಗಿ ತಿನ್ನತ್ತೆ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರೇನೇ? ದೃಷ್ಟಿ ಆಗಲ್ವಾ? ಕೇಳಿದೋರಿಗೆಲ್ಲ ತಿನ್ನಲ್ಲ ಅಂತಲೇ ಹೇಳ್ಬೇಕು. ನಾಳೆ ನಿಂಗೊಂದು ಆದಾಗ ಗೊತ್ತಾಗತ್ತೆ."

ಇಷ್ಟು ಬುದ್ಧಿ ಹೇಳಿದ ಅತ್ತೆ ಸ್ವಲ್ಪ ಹೊತ್ತಿಗೆ ಕೋಡುಬಳೆಯ ಡಬ್ಬಿ ತೆಗೆದುಕೊಂಡು ಹೊರಗೆ ಹೋದರು. "ಬಾರೇ ವೈಜು. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲವಂತೆ ಮಗು."

ನಮ್ಮ ವಠಾರದ ಹುಚ್ಚು ಇದೇ. ಕಾವೇರಮ್ಮ ಹಾಗೆ ಹೇಳುವುದು ದೃಷ್ಟಿಗೆ ಹೆದರಿ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ನಂಬುತ್ತಿದ್ದರು. ಮೂಲೆ ಮನೆಯ ಶೀನಣ್ಣ ಅಂಚೆ ಕಚೇರಿಯಿಂದ ನಿವೃತ್ತರಾದವರು, ಮಕ್ಕಳಿಲ್ಲದವರು. ಸಂಜೆ ಅಡ್ಡಾಡಿ ಬರುವಾಗ ಜೇಬಿನಲ್ಲಿ ಬತ್ತಾಸು ತರುತ್ತಿದ್ದರು. ಕೊನೆ ಮನೆಯ ಆಂಡಾಳ್ ಪುಳಿಯೋಗರೆ ಕಲಸಲಿ, ಸಿಹಿ ಪೊಂಗಲು ಮಾಡಲಿ, ಮೊದಲ ಬಟ್ಟಲು ವೈಜುವಿಗೆ. ನಾನೂ ಕಾವಲಿಯ ಮೊದಲ ದೋಸೆಗೆ ಬೆಣ್ಣೆ ಸವರಿ ಕಳಿಸುತ್ತಿದ್ದೆ. ಪ್ರತಿ ಮನೆಗೂ ತನ್ನ ತುತ್ತೊಂದೇ ಆ ಮಗುವನ್ನು ಉಳಿಸಿರುವುದು ಎಂಬ ಹೆಮ್ಮೆ.

ಸಂಜೆಯ ಊಟ ಮಾತ್ರ ಕಾವೇರಮ್ಮನವರ ಕೈಯದೇ. ದೀಪ ಹಚ್ಚುವ ಹೊತ್ತಿಗೆ ತುಪ್ಪ ಹಾಕಿ ಮಿದ್ದ ಅನ್ನದ ಬಟ್ಟಲು ಹಿಡಿದು ಜಗಲಿಗೆ ಬರುವರು. ಹಿತ್ತಿಲ ಸಂಪಿಗೆ ಮರಕ್ಕೆ ಕಾಗೆಗಳು ಬಂದು ಕೂಡುತ್ತಿರುವಾಗ, ಆಕಾಶ ನೀಲಿಯೋ ಬೂದಿಯೋ ತಿಳಿಯದಂತಿರುವಾಗ, ಒಂದು ಕಥೆ ಶುರುವಾಗುವುದು. ಕಥೆಯಲ್ಲಿ ಬರುವವರೆಲ್ಲ ನಾವೇ. ಶೀನಣ್ಣ ಮೋಡದ ಮೇಲೆ ಕೂತು ಮನೆಮನೆಗೆ ಕಾಗದ ಹಂಚುತ್ತಿದ್ದಾರೆ. ಆಂಡಾಳ್ ಚಂದ್ರನ ಬಾಗಿಲಿಗೆ ರಂಗೋಲಿ ಇಡುತ್ತಿದ್ದಾರೆ. ನಮ್ಮತ್ತೆ ಸಂಪಿಗೆ ಮರಕ್ಕೆ ಜೋಕಾಲಿ ಕಟ್ಟಿ ನಕ್ಷತ್ರಗಳನ್ನು ತೂಗುತ್ತಿದ್ದಾರೆ.

"ಇದು ಶೀನಣ್ಣನ ತುತ್ತು. ಬೇಡ ಅಂದ್ರೆ ಶೀನಣ್ಣ ಮೋಡದಿಂದ ಬಿದ್ದುಹೋಗ್ತಾರೆ."

ಶೀನಣ್ಣನನ್ನು ಬೀಳಿಸಲು ಯಾವ ಮಗುವಿಗೆ ಮನಸ್ಸು ಬಂದೀತು? ವೈಜುವಿನ ಕಣ್ಣು ಅರ್ಧ ಮುಚ್ಚಿರುತ್ತಿತ್ತು, ಬಾಯಿ ತಾನಾಗಿ ತೆರೆಯುತ್ತಿತ್ತು. ಹೊಟ್ಟೆ ತುಂಬಿತೋ ಇಲ್ಲವೋ ಅದಕ್ಕೇ ಗೊತ್ತಿಲ್ಲ. ಹೊಸ್ತಿಲ ಮೇಲೆ ನಿಂತು ಕೇಳುತ್ತ ಕೇಳುತ್ತ ನಾನೂ ಎಷ್ಟೋ ಸಲ ಬಾಯಿ ತೆರೆದದ್ದುಂಟು. ಆ ಸಂಜೆಗಳು ನಿಜವಾಗಿ ನಡೆದವೋ, ನಾನು ನಿದ್ದೆಯಲ್ಲಿ ಕಂಡೆನೋ ಎಂದು ಈಗ ಒಮ್ಮೊಮ್ಮೆ ಅನುಮಾನವಾಗುತ್ತದೆ.

ನಾಲ್ಕು ತುಂಬಿದ ಮೇಲೆ ವೈಜುವನ್ನು ಪಕ್ಕದ ರಸ್ತೆಯ ಶಿಶುವಿಹಾರಕ್ಕೆ ಸೇರಿಸಿದರು. ಅದನ್ನು ನಡೆಸುತ್ತಿದ್ದವರು ಶೈಲಜಮ್ಮ ಎಂಬ ದಪ್ಪ ಕನ್ನಡಕದ, ದಪ್ಪ ದನಿಯ ಹೆಂಗಸು. ಮಗುವನ್ನು ಸೇರಿಸಿಕೊಂಡರೆ ಮನೆಯವರನ್ನೂ ಸೇರಿಸಿಕೊಂಡಂತೆ ಎಂಬುದು ಅವರ ಹಟ. ಶನಿವಾರ ಮಧ್ಯಾಹ್ನ ತಾಯಿಯೋ ತಂದೆಯೋ ಅಜ್ಜಿಯೋ ಯಾರಾದರೂ ಬಂದು ಚಾಪೆಯ ಮೇಲೆ ಕೂರಲೇಬೇಕು. ಮಕ್ಕಳಿಗೆ ಏನು ಉಣಿಸುವುದು, ಹೇಗೆ ಆಡಿಸುವುದು, ಅತ್ತರೆ ಏನು ಮಾಡುವುದು ಎಂದು ಮಾತಾಗುತ್ತಿತ್ತು. ಅಂಥ ಸಭೆಗಳಲ್ಲಿ ಆಗೆಲ್ಲ ಸಣಕಲು ಮಕ್ಕಳದೇ ಚಿಂತೆ. ಶಿವಕುಮಾರಿಗೆ ಪಾಳಿ ಇದ್ದುದರಿಂದ ಕಾವೇರಮ್ಮ ಹೊರಟರು, ಜೊತೆಗಿರಲೆಂದು ನನ್ನನ್ನೂ ಎಳೆದುಕೊಂಡು ಹೋದರು.

ಅಂದು ಶೈಲಜಮ್ಮ ಎಲ್ಲಿಂದಲೋ ತೂಕದ ಮಷೀನು ತರಿಸಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಹತ್ತಿ ಇಳಿದರು. ವೈಜು ಹತ್ತಿದಾಗ ಮುಳ್ಳು ದಡಕ್ಕನೆ ಆಚೆಗೆ ಓಡಿತು. ಶೈಲಜಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ ಅಷ್ಟೂ ಹೆಂಗಸರ ಎದುರಿಗೆ ಹೇಳಿಬಿಟ್ಟರು.

"ಈ ವಯಸ್ಸಿಗೆ ಇಷ್ಟು ತೂಕ ತುಂಬಾ ಜಾಸ್ತಿ ಆಯ್ತು ಕಾವೇರಮ್ಮನೋರೇ. ಸ್ಕೂಲಿಗೆ ಹೋಗೋ ದೊಡ್ಡ ಮಕ್ಕಳೂ ಇಷ್ಟು ತೂಗಲ್ಲ."

ಹೇಳಿದ ಮಾತು ಸರಿ, ಹೇಳಿದ ಜಾಗ ತಪ್ಪು. ಕೋಣೆಯಲ್ಲಿದ್ದ ಕಣ್ಣುಗಳೆಲ್ಲ ಒಟ್ಟಿಗೆ ಮಗುವಿನ ಮೇಲೆ ಬಿದ್ದವು. ಕಾವೇರಮ್ಮ ಸೆರಗು ಹರಡಿ ವೈಜುವಿನ ತಲೆಯ ಮೇಲೆ ಹೊದಿಸಿದರು. ಬಾಚಿ ಎತ್ತಿಕೊಳ್ಳಲು ಹೋದರು, ಎತ್ತಲಾಗಲಿಲ್ಲ. ಕೈ ಹಿಡಿದು ದರದರ ಎಳೆದುಕೊಂಡೇ ಮನೆಗೆ ಬಂದವರು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ಬಲವಾಗಿ ತಾಕಿದೆ ಎಂದು ಲೆಕ್ಕ. ಅಂದು ಇಡೀ ವಠಾರ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಿತು. ಕಾವೇರಮ್ಮ ಮಾತ್ರ ಕೆಮ್ಮುತ್ತಲೇ "ನೋಡಿದ್ರಾ, ಘಾಟೇ ಇಲ್ಲ" ಎಂದರು. ಮರುದಿನದಿಂದ ವೈಜು ಶಿಶುವಿಹಾರಕ್ಕೆ ಹೋಗುವುದು ನಿಂತಿತು. ಶಿವಕುಮಾರಿ ಎಷ್ಟು ಹೇಳಿದರೂ ಅವರು ಜಗ್ಗಲಿಲ್ಲ.

ಜಗ್ಗಿದ್ದು ಬ್ಯೂಗಲ್ ರಾಕಿನ ಬಳಿ. ಒಂದು ಭಾನುವಾರ ಸಂಜೆ ವಠಾರದ ಮಕ್ಕಳನ್ನೆಲ್ಲ ಕರೆದುಕೊಂಡು ನಾನು ಮತ್ತು ಕಾವೇರಮ್ಮ ಅಲ್ಲಿಗೆ ಹೋಗಿದ್ದೆವು. ಮಕ್ಕಳು ಆಡಿನ ಮರಿಗಳ ಹಾಗೆ ಬಂಡೆಯ ಮೇಲೆ ಹತ್ತಿಹೋದವು. ವೈಜು ಸ್ವಲ್ಪ ಏರಿತು, ನಿಂತಿತು, ಕೂತುಕೊಂಡಿತು. ಎದೆ ಏರಿಳಿಯುತ್ತಿತ್ತು, ಹಣೆಯ ಮೇಲೆ ಬೆವರು. ಮೇಲೆ ಹೋದವರು ಬಂಡೆಯ ನೆತ್ತಿಯಲ್ಲಿ ನಿಂತು ದೂರಕ್ಕೆ ಕೈ ತೋರಿಸಿ ಏನೋ ಕೂಗುತ್ತಿದ್ದರು. ಮುಳುಗುವ ಬಿಸಿಲು ಅವರ ಮೈಮೇಲೆಲ್ಲ ಇತ್ತು, ಕೆಳಗೆ ನಮ್ಮ ಮೇಲೆ ಮರದ ನೆರಳು. ವೈಜು ತಲೆಯೆತ್ತಿ ನೋಡಿ ನೋಡಿ ಅಜ್ಜಿಯ ಕಡೆ ತಿರುಗಿತು.

"ಅವರಿಗೆಲ್ಲ ಮೇಲಿಂದ ಏನು ಕಾಣ್ತಿದೆ ಅಜ್ಜಿ? ನಂಗೂ ಹೇಳು."

ಮೋಡದ ಮೇಲೆ ಶೀನಣ್ಣನನ್ನು ಕೂರಿಸಿದ ಕಾವೇರಮ್ಮನಿಗೆ ಅಂದು ಒಂದು ಕಥೆಯೂ ಹೊಳೆಯಲಿಲ್ಲ. ಸೆರಗಿನಿಂದ ಮಗುವಿನ ಬೆವರು ಒರೆಸುತ್ತ ಕೂತರು. ಹಿಂದಿರುಗುವಾಗ ದಾರಿಯುದ್ದಕ್ಕೂ ಮಗುವಿನ ಕೈ ಬಿಡಲಿಲ್ಲ.

ಆ ವಾರವೇ ಶಿವಕುಮಾರಿ ರಜೆ ಹಾಕಿ ಮಗುವನ್ನು ಡಾಕ್ಟರಿಗೆ ತೋರಿಸಿದಳು. ಸದ್ಯಕ್ಕೆ ಕಾಯಿಲೆಯೇನಿಲ್ಲ, ಆದರೆ ಹೀಗೇ ಬೆಳೆದರೆ ಮಂಡಿಗೂ ಉಸಿರಿಗೂ ಕಷ್ಟ, ಮುಂದೆ ನಾನಾ ರೋಗಕ್ಕೆ ದಾರಿ ಎಂದರಂತೆ. ಔಷಧಿ ಬೇಡ, ಮಗುವನ್ನು ಉಪವಾಸ ಹಾಕುವುದೂ ಬೇಡ, ಮನೆಯವರು ಉಣಿಸುವ ರೀತಿ ಬದಲಾಗಬೇಕು ಎಂದು ಹೇಳಿ ಕಳಿಸಿದರಂತೆ. ಕಾವೇರಮ್ಮ ಕೇಳಿಸಿಕೊಂಡು ಪುಡಿ ಕುಟ್ಟಲು ಕೂತರು.

ಶೈಲಜಮ್ಮ ತಾವಾಗಿಯೇ ವಠಾರಕ್ಕೆ ಬಂದರು. ಮಧ್ಯಾಹ್ನದ ಹೊತ್ತು, ನಾವೆಲ್ಲ ಅಂಗಳದ ನೆರಳಿನಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆವು. ಅವರೂ ಒಂದು ಮೊರ ಎಳೆದುಕೊಂಡು ಕೂತರು.

"ಅವತ್ತು ಎಲ್ಲರೆದುರಿಗೆ ಆ ಮಾತು ಆಡಬಾರದಿತ್ತು ನಾನು," ಎಂದರು. "ಬೇಜಾರು ಮಾಡ್ಕೋಬೇಡಿ. ಇರಲಿ, ಮಗು ಏನೂ ತಿನ್ನಲ್ಲ ಅಂತೀರಲ್ಲ, ಇವತ್ತಾದ್ರೂ ಏನಾದ್ರೂ ಹೊಟ್ಟೆಗೆ ಹೋಗಿದೆಯಾ?"

"ಎಲ್ಲಿ ಬಂತು," ಎಂದರು ಕಾವೇರಮ್ಮ ಅಭ್ಯಾಸಬಲದಿಂದ.

"ಹಾಗೇನಿಲ್ಲ ಬಿಡಿ, ಬೆಳಿಗ್ಗೆ ನಾನೇ ತುಪ್ಪ ಹಾಕಿ ಇಡ್ಲಿ ತಿನ್ನಿಸಿದೀನಿ," ಎಂದರು ಅತ್ತೆ, ಧೈರ್ಯ ಹೇಳುವವರ ಹಾಗೆ.

"ಇಡ್ಲಿ ತಿಂದಿತ್ತಾ?" ಎಂದರು ಆಂಡಾಳ್. "ಹೊಟ್ಟೆ ಖಾಲಿ ಇರಬೇಕು ಅಂತ ನಾನು ಪೊಂಗಲು ಕೊಟ್ಟೆನಲ್ಲ."

ನನ್ನ ದೋಸೆ ಆಗ ನನಗೆ ನೆನಪಾಯಿತು. ಜಗಲಿಯ ಮೇಲೆ ಪೇಪರು ಓದುತ್ತಿದ್ದ ಶೀನಣ್ಣ ಪೇಪರನ್ನು ಸ್ವಲ್ಪ ಮೇಲೆತ್ತಿ ಮುಖ ಮರೆ ಮಾಡಿಕೊಂಡರು. ಮೊರದಲ್ಲಿ ಅಕ್ಕಿ ಜರುಗುವ ಸದ್ದಷ್ಟೇ ಇತ್ತು. ಶೈಲಜಮ್ಮ ಕತ್ತೆತ್ತದೆ ಕಲ್ಲು ಆರಿಸುತ್ತಲೇ ಇದ್ದರು.

"ತಿನ್ನತ್ತೆ," ಎಂದರು ಕಾವೇರಮ್ಮ ಕೊನೆಗೆ. "ನಮ್ಮ ಮಗು ಚೆನ್ನಾಗಿ ತಿನ್ನತ್ತೆ. ನಾನೇ ಸುಳ್ಳು ಹೇಳ್ಕೊಂಡು ಬಂದೆ."

ಹೇಳಿದವರೇ ಗಾಬರಿಯಿಂದ ಪಕ್ಕದಲ್ಲಿ ಮಲಗಿದ್ದ ವೈಜುವಿನ ತಲೆಗೆ ಕೈ ಸುತ್ತಿ ಥೂ ಥೂ ಎಂದು ಉಗಿದರು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ದೃಷ್ಟಿಗೆ ಅಷ್ಟು ಹೆದರುವ ಜೀವ ಅಷ್ಟು ಜನರ ಮುಂದೆ ಆ ಮಾತು ಹೇಳುವುದೆಂದರೆ ಸಾಮಾನ್ಯವಲ್ಲ.

ಅಂದಿನಿಂದ ಶನಿವಾರದ ಸಭೆ ನಮ್ಮ ಅಂಗಳದಲ್ಲೇ ನಡೆಯತೊಡಗಿತು. ಶೈಲಜಮ್ಮ ಗಂಡಸರನ್ನೂ ಬಿಡಲಿಲ್ಲ. ಈ ಮಗುವಿನ ಮನೆ ಎಂದರೆ ಇಡೀ ವಠಾರ, ಬದಲಾಗುವುದಾದರೆ ಎಲ್ಲರೂ ಬದಲಾಗಬೇಕು ಎಂದರು. ಕಾವೇರಮ್ಮನನ್ನು ಕೇಳದೆ ಯಾರೂ ಏನೂ ಕೊಡಕೂಡದು. ಮಗು ತನ್ನ ಕೈಯಿಂದ ತಾನೇ ಉಣ್ಣಬೇಕು, ದೊಡ್ಡವರು ಜೊತೆಗೆ ಕೂತು ಅದೇ ಅನ್ನ ಸಾರು ಸೊಪ್ಪಿನ ಪಲ್ಯ ಉಣ್ಣಬೇಕು, ಸಾಕು ಎಂದರೆ ಸಾಕು. ಅತ್ತರೆ ಎತ್ತಿ ಮುದ್ದಾಡಬೇಕು, ಬಾಯಿಗೆ ತಿಂಡಿ ತುರುಕಕೂಡದು. ಸಂಜೆಯ ಹೊತ್ತು ಅಜ್ಜಿಯ ತೊಡೆಯ ಮೇಲಲ್ಲ, ಬೀದಿಯಾಚೆಯ ಬಯಲಿನಲ್ಲಿ.

ಎಲ್ಲರಿಗಿಂತ ಕಂಗಾಲಾದವರು ಶೀನಣ್ಣ. "ಬತ್ತಾಸಿಗೋಸ್ಕರ ತಾನೇ ಆ ಮಗು ನನ್ನ ಹತ್ರ ಬರೋದ್ರೀ? ಇನ್ಮೇಲೆ ಯಾಕೆ ಬರತ್ತೆ?" ಎಂದು ಗೊಣಗಿದರು. ಮರುದಿನ ಬರಿಗೈಯಲ್ಲಿ ಬಂದು ಕಳ್ಳನ ಹಾಗೆ ಮನೆಯೊಳಗೆ ನುಸುಳಲು ನೋಡಿದರು. ವೈಜು ಜೇಬು ತಡಕಿತು, ಅತ್ತಿತು, ಆಮೇಲೆ ಅವರ ಬೆರಳು ಹಿಡಿದುಕೊಂಡೇ ಬಯಲಿಗೆ ನಡೆಯಿತು. ಅಲ್ಲಿಂದ ಮುಂದೆ ಮಕ್ಕಳ ಕುಂಟೆಬಿಲ್ಲೆಗೆ ಶೀನಣ್ಣನೇ ತೀರ್ಪುಗಾರ. ಅವರ ತೀರ್ಪನ್ನು ಯಾವ ಮಗುವೂ ಒಪ್ಪುತ್ತಿರಲಿಲ್ಲ ಎಂಬುದು ಬೇರೆ ಮಾತು.

ನಮ್ಮ ಮನೆಯಲ್ಲಿ ಕೋಡುಬಳೆ ಕರಿಯುವುದು ಅಪರೂಪವಾಯಿತು, ನನ್ನ ಗಂಡ ಮುಖ ಊದಿಸಿದರು. ನನಗೂ ರೇಗುತ್ತಿತ್ತು. "ಒಂದು ಮಗುವಿಗಾಗಿ ವಠಾರವೆಲ್ಲ ಪಥ್ಯ ಹಿಡಿದ ಹಾಗಾಯ್ತು," ಎಂದು ಒಂದು ಶನಿವಾರ ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಕಾವೇರಮ್ಮನ ಮುಖ ಬಿಳಿಚಿಕೊಂಡಿತು. ಸೆರಗು ಕೊಡವಿ ಎದ್ದು ಒಳಗೆ ಹೋದರು. ನನ್ನ ಮಾತಿನಲ್ಲಿ ಏನು ತಪ್ಪಿತ್ತು ಎಂದು ನನಗೆ ತಿಳಿಯಲಿಲ್ಲ.

ತಿಳಿದದ್ದು ಅದಾದ ಕೆಲವು ದಿನಗಳ ಮೇಲೆ, ದೀಪ ಹಚ್ಚುವ ಹೊತ್ತಿನಲ್ಲಿ. ವೈಜು ಊಟ ಮುಗಿಸಿತ್ತು. ಹೊಟ್ಟೆ ತುಂಬಿತ್ತು, ಆದರೂ ಹಳೆಯ ರೂಢಿ ಬಿಡಬೇಕಲ್ಲ. ಜಗಲಿಯ ಮೇಲೆ ನಿಂತು ಎರಡೂ ಕೈ ಚಾಚಿತು.

"ಅಜ್ಜಿ, ಶೀನಣ್ಣನ ತುತ್ತು ಕೊಡು. ಒಂದೇ ಒಂದು."

ಕಾವೇರಮ್ಮ ಆ ಕೈಗಳನ್ನೇ ನೋಡಿದರು. ಆಮೇಲೆ ಎದ್ದು ಓಡುವವರಂತೆ ನಲ್ಲಿಯ ಕಟ್ಟೆಗೆ ಹೋಗಿ, ನೀರು ಬಿಟ್ಟುಕೊಂಡು, ಅದರಡಿ ಕೈಯಿಟ್ಟು ನಿಂತರು. ಮಗುವನ್ನು ಅತ್ತೆಯ ಬಳಿ ಬಿಟ್ಟು ನಾನು ಹಿಂದೆ ಹೋದೆ. ನೀರು ಸುಮ್ಮನೆ ಹರಿಯುತ್ತಿತ್ತು. ಅಂಗಳದಲ್ಲಿ ಬೆಳಕು ಆರುತ್ತ ಬಂದಿತ್ತು.

"ನನ್ನ ಕೈಲಾಗಲ್ಲ ಕಣೇ ಕಮಲಾ," ಎಂದರು. "ಅವನೂ ಹೀಗೇ ಕೈ ಚಾಚಿದ್ದ."

ಅವರೇ ಹೇಳಿದರು. ಶಿವಕುಮಾರಿಗಿಂತ ಮೊದಲು ಅವರಿಗೊಬ್ಬ ಮಗನಿದ್ದ, ನಂಜುಂಡ. ಸ್ವಾತಂತ್ರ್ಯ ಬಂದ ಮರುವರ್ಷ, ನಾಲ್ಕರ ವಯಸ್ಸಿನಲ್ಲಿ ಅವನಿಗೆ ವಿಷಮಜ್ವರ ಬಂತು. ಬಾರ್ಲಿ ನೀರು ಬಿಟ್ಟು ಬೇರೇನೂ ಕೊಡಕೂಡದು, ಒಂದು ಅಗುಳು ಕೊಟ್ಟರೂ ಜೀವಕ್ಕೆ ಅಪಾಯ ಎಂದು ಕಟ್ಟುನಿಟ್ಟಿನ ಪಥ್ಯ. ಆಗ ಹಾಗೇ ಇತ್ತು.

"ಒಂದು ಸಂಜೆ ಜ್ವರ ಇಳೀತು. ಪಕ್ಕದ ಮನೇಲಿ ಸಾರಿಗೆ ಒಗ್ಗರಣೆ ಹಾಕಿದ್ರು. ಆ ವಾಸನೆಗೆ ಕಣ್ಣು ಬಿಟ್ಟ. ಅಮ್ಮಾ ಹಸಿವು, ಅನ್ನ ಕೊಡು ಅಂದ. ನಾಳೆ ಕೊಡ್ತೀನಿ ಮಗನೇ ಅಂದೆ. ಬೆಳಗಾಗೋಷ್ಟರಲ್ಲಿ ಹೋಗ್ಬಿಟ್ಟ." ಅವರು ನಲ್ಲಿಯ ಕಡೆಯೇ ನೋಡುತ್ತಿದ್ದರು. "ನನ್ನ ಮನೇಲಿ ಇನ್ಯಾವ ಮಗೂನೂ ಹಸಿವು ಅಂತ ಬಾಯಿ ಬಿಡಬಾರದು ಅಂತ ಅವತ್ತೇ ಅಂದ್ಕೊಂಡೆ. ಶಿವಕುಮಾರಿ ಒಂದು ದಿನಾನೂ ಅಂದಿಲ್ಲ. ವೈಜು ಅಂದಿಲ್ಲ. ಆ ಮಾತು ಇನ್ನೊಂದು ಸಲ ಕಿವಿಗೆ ಬಿದ್ರೆ ನಾನು ಉಳಿಯಲ್ಲ."

ಹರಿಯುವ ನೀರಿನಲ್ಲಿ ಅವರ ಕೈ ಹಿಡಿದುಕೊಂಡು ನಿಂತೆ. ಧನಿಯದ ಘಮ ನೀರಿನಲ್ಲೂ ಇತ್ತು. ಅಷ್ಟು ವರ್ಷ ಅವರು ತುತ್ತು ಇಟ್ಟದ್ದು ವೈಜುವಿನ ಬಾಯಿಗೊಂದಕ್ಕೇ ಅಲ್ಲ ಎಂದು ನನಗೆ ಅರ್ಥವಾಯಿತು, ಅರ್ಥವಾಗಿ ಸಂಕಟವಾಯಿತು.

ಮುಂದಿನ ಶನಿವಾರ ಎಲ್ಲರೂ ಎದ್ದುಹೋದ ಮೇಲೆ ಕಾವೇರಮ್ಮ ಇದನ್ನೇ ಶೈಲಜಮ್ಮನವರಿಗೆ ಹೇಳಿದರು. ಶೈಲಜಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಒರೆಸಿ ಮತ್ತೆ ಹಾಕಿಕೊಂಡರು.

"ನಂಜುಂಡನ್ನ ತಗೊಂಡು ಹೋಗಿದ್ದು ಜ್ವರ ಕಾವೇರಮ್ಮನೋರೇ. ನೀವು ಕೊಡದೇ ಇದ್ದ ತುತ್ತಲ್ಲ," ಎಂದರು. ಅವರ ದಪ್ಪ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅಂದೇ ಕೇಳಿದ್ದು. "ವೈಜುಗೆ ಬೇಡ ಅನ್ನಿ ಅಂತ ನಾನು ಹೇಳ್ತಿಲ್ಲ. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬಾ ಹಾಕಿ. ನಡುವೆ ಅದಕ್ಕೆ ಹಸಿವಾಗೋಕೆ ಬಿಡಿ, ಅಷ್ಟೇ. ಕಥೆ ನಿಲ್ಲಿಸಬೇಡಿ. ತುತ್ತಿಲ್ಲದೆ ಹೇಳಿ."

ತುತ್ತಿಲ್ಲದ ಕಥೆ ಅವರಿಗೆ ಬರುತ್ತಿರಲಿಲ್ಲ. ಮೋಡ ಅರ್ಧ ಆಕಾಶಕ್ಕೆ ಬಂದು ನಿಂತುಬಿಡುತ್ತಿತ್ತು. ಖಾಲಿ ಬೆರಳುಗಳು ಗಾಳಿಯಲ್ಲಿ ಅನ್ನ ಮಿದಿಯುತ್ತಿದ್ದವು. ಕೊನೆಗೆ ಆ ಕೈಗಳಿಗೊಂದು ಕೆಲಸ ಕೊಡಲು ವೈಜುವಿನ ಕೂದಲು ಬಿಚ್ಚಿ ಬಾಚಿ ಜಡೆ ಹೆಣೆಯತೊಡಗಿದರು. ಜಡೆ ಮುಗಿಯುವ ಹೊತ್ತಿಗೆ ಕಥೆಯೂ ಮುಗಿಯುವುದು. ಕಥೆ ಉದ್ದವಾದರೆ ಜಡೆ ಬಿಚ್ಚಿ ಮತ್ತೆ ಹೆಣೆಯುವರು. ನಡುವೆ ತಪ್ಪುಗಳೂ ಆದವು. ಗೋಕುಲಾಷ್ಟಮಿಯಂದು ಆಂಡಾಳ್ ಕದ್ದು ಚಕ್ಕುಲಿ ಕೊಟ್ಟು ಸಿಕ್ಕಿಬಿದ್ದು ನಮ್ಮತ್ತೆಯ ಜೊತೆ ಜಗಳವಾಯಿತು. ಮಗುವನ್ನು ಬಿಟ್ಟಿರುವ ಸಂಕಟಕ್ಕೆ ಶಿವಕುಮಾರಿ ಬ್ಯಾಗಿನಲ್ಲಿ ಬಿಸ್ಕತ್ತು ತರುವುದು ಬಿಡಲು ಬಹಳ ಕಾಲ ಹಿಡಿಯಿತು. ವೈಜು ಒಮ್ಮೆಲೇ ಸಣ್ಣಗಾಗಲೂ ಇಲ್ಲ. ಬೆಳೆಯುತ್ತ ಹೋದಳು, ಮೈ ಮಾತ್ರ ಮೊದಲಿನ ವೇಗದಲ್ಲಿ ತುಂಬಲಿಲ್ಲ. ಮೊದಮೊದಲು ಬಯಲಿನ ಅಂಚಿನಲ್ಲಿ ಕೂತು ನೋಡುತ್ತಿದ್ದವಳು ಕುಂಟೆಬಿಲ್ಲೆಗೆ ಇಳಿದಳು. ಕಣ್ಣಾಮುಚ್ಚಾಲೆಯಲ್ಲಿ ಎಲ್ಲರಿಗಿಂತ ಮೊದಲು ಸಿಕ್ಕಿಬೀಳುವವಳು ನಿಧಾನವಾಗಿ ತಪ್ಪಿಸಿಕೊಳ್ಳುವುದನ್ನೂ ಕಲಿತಳು.

ಕಾವೇರಮ್ಮ ಎಂಬತ್ತೈದನೇ ಇಸವಿಯಲ್ಲಿ ತೀರಿಕೊಂಡರು. ಅದಕ್ಕೆ ಮೊದಲು ಎಷ್ಟೋ ವರ್ಷ ಶೈಲಜಮ್ಮನವರ ಸಭೆಗಳಲ್ಲಿ ಬೇರೆ ಅಜ್ಜಿಯರ ಪಕ್ಕದಲ್ಲಿ ಕೂತು, "ನನ್ನ ಮಗು ಏನೂ ತಿನ್ನಲ್ಲ" ಎಂದವರನ್ನು "ಎಷ್ಟು ಮನೇಲಿ ತಿನ್ನಲ್ಲ?" ಎಂದು ಕೆಣಕುತ್ತಿದ್ದರು. ಜನ ಅವರನ್ನು ಹಾಗೆ ನೆನೆಸಿಕೊಳ್ಳುತ್ತಾರೆ. ನನಗೆ ಮಾತ್ರ ಕಣ್ಣು ಮುಚ್ಚಿದರೆ ಬರುವುದು ಒಂದೇ ಸಂಜೆ.

ಸಂಕ್ರಾಂತಿ ಕಳೆದಿತ್ತು. ಸಂಪಿಗೆ ಮರದ ಮೇಲೆ ತಿಳಿ ಹಳದಿ ಬೆಳಕು, ಗಾಳಿಯಲ್ಲಿ ಯಾರೋ ಒಣಹಾಕಿದ ಸೀರೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಕಾವೇರಮ್ಮ ಜಗಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದರು, ನಾನು ಎದುರಿಗೆ ಸೊಪ್ಪು ಬಿಡಿಸುತ್ತಿದ್ದೆ. ವಠಾರದ ಗೇಟು ಧಡಾರನೆ ತೆರೆಯಿತು. ವೈಜು ಓಡಿ ಬಂದಳು. ಲಂಗದ ಅಂಚಿನ ತುಂಬ ಧೂಳು, ಅಜ್ಜಿ ಹೆಣೆದ ಜಡೆ ಬಿಚ್ಚಿಹೋಗಿ ಬೆನ್ನ ಮೇಲೆ ಹರಡಿತ್ತು, ಮಂಡಿಯ ಮೇಲೆ ತರಚಿದ ಗಾಯ. ಜಗಲಿಯ ಮುಂದೆ ನಿಂತು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಗುತ್ತ ಕೂಗಿದಳು.

"ಅಜ್ಜೀ, ಹಸಿವು! ತುಂಬಾ ಹಸಿವಾಗ್ತಿದೆ! ಬೇಗ ಅನ್ನ ಹಾಕು!"

ನನ್ನ ಕೈಯ ಸೊಪ್ಪು ಕೆಳಗೆ ಬಿತ್ತು. ಕಾವೇರಮ್ಮನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಅವರ ಬೆರಳುಗಳ ನಡುವೆ ಬತ್ತಿ ಹಾಗೇ ನಿಂತಿತ್ತು.

"ಏನಂದೆ?" ಎಂದರು.

"ಹಸಿವು ಅಜ್ಜಿ! ಕೇಳಿಸಲ್ವಾ?"

ಅವರು ಗೋಡೆ ಹಿಡಿದು ಎದ್ದರು. ನಾನು ಹಿಂದೆಯೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ತಟ್ಟೆ ಇಟ್ಟರು, ಬಿಸಿ ಅನ್ನ ಬಡಿಸಿದರು, ಸಾರು ಹಾಕಿದರು. ವೈಜು ಕಥೆ ಕೇಳಲಿಲ್ಲ, ಯಾರ ಹೆಸರೂ ಬೇಕಾಗಲಿಲ್ಲ. ಕಲಸಿ ಕಲಸಿ ಬಾಯಿಗಿಟ್ಟುಕೊಂಡಳು. ಇನ್ನೊಂದು ಸೌಟು ಬೇಕೆಂದಳು, ಅವರು ಹಾಕಿದರು. ಕಾವೇರಮ್ಮ ಎದುರಿಗೆ ಕೂತು ಪ್ರತಿ ತುತ್ತೂ ತಟ್ಟೆಯಿಂದ ಬಾಯಿಗೆ ಹೋಗುವುದನ್ನು ನೋಡುತ್ತಿದ್ದರು. ತಟ್ಟೆ ಬಳಿದು, "ಸಾಕು" ಎಂದು ವೈಜು ಎದ್ದು ಕೈ ತೊಳೆಯಲು ಓಡಿದಳು.

ಅವರು ಖಾಲಿ ತಟ್ಟೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಕಣ್ಣೀರು ತಡೆಯಿಲ್ಲದೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ. ನಾನು ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟೆ. ಅವರು ನನ್ನ ಕಡೆ ತಿರುಗಿದರು.

"ಮಗು ಹಸಿವು ಅಂತು ಕಮಲಾ," ಎಂದರು. "ನಾನು ಅನ್ನ ಹಾಕ್ದೆ."